ಮೂರು ಬೆರಳು

"ಹಲ್ಲು ಕಚ್ಕೊಂಡ್ ಮಾತಾಡ್ತೀಯೇನೇ ಬೇವರ್ಸಿ? ನನ್ ಮುಂದೇನೇ ಕೊಬ್ಬಾ? ಬಾಯ್ ಬುಟ್ಟು ಹೇಳು."

ಮೇಸ್ತ್ರಿ ರಂಗಣ್ಣ ಬೈಯುತ್ತಿದ್ದದ್ದು ಹನುಮಂತಮ್ಮನನ್ನು. ಪಾಪ, ಅವಳು ಬಾಯಿ ಬಿಟ್ಟೇ ಹೇಳುತ್ತಿದ್ದಳು. ಅವಳ ಬಾಯಿ ಬಿಡುತ್ತಿದ್ದದ್ದೇ ಅಷ್ಟು. ಪಕ್ಕದಲ್ಲಿ ನಾರಿನ ಮಿಷನ್ನಿಗೆ ತೆಂಗಿನಕಾಯಿ ಮಟ್ಟೆ ಹಾಕುತ್ತಿದ್ದ ನಾನು, ಅವಳಿಗೆ ಬಾಯಿ ಕಟ್ಟಿದೆ ಎಂದೆ. ನಿನ್ನನ್ನು ಯಾರು ಕೇಳಿದರು ಚಿಕ್ಕಗಂಗಿ, ಬಾಯಿ ಮುಚ್ಚಿಕೊಂಡು ಮಟ್ಟೆ ಹಾಕು ಎಂದ.

ಗುಬ್ಬಿ ರಸ್ತೆಯ ಆ ಶೆಡ್ಡಿನಲ್ಲಿ ನಾವು ಹದಿನಾಲ್ಕು ಹೆಂಗಸರು, ಎಲ್ಲರೂ ಒಂದೇ ಕಾಲೋನಿಯವರು. ಮಾಲೀಕ ಚನ್ನವೀರಯ್ಯ ಹಣೆ ತುಂಬ ವಿಭೂತಿ ಬಳಿದುಕೊಂಡು ಹನ್ನೊಂದು ಗಂಟೆಗೆ ಬರುತ್ತಾನೆ. ನಾವು ಸಾಲಾಗಿ ನಿಂತು ಸೆರಗೊಡ್ಡಬೇಕು. ಕೈ ತಾಕದಂತೆ ಮೇಲಿನಿಂದ ಒಬ್ಬೊಬ್ಬರಿಗೂ ಅಡಿಕೆ, ಹೊಗೆಸೊಪ್ಪಿನ ಪ್ಯಾಕೆಟ್ ಉದುರಿಸುತ್ತಾನೆ. ಅದನ್ನು ದವಡೆಗೆ ಒತ್ತರಿಸಿಕೊಂಡರೆ ನಾರಿನ ಧೂಳು ಗಂಟಲಿಗೆ ಇಳಿಯುವುದಿಲ್ಲವಂತೆ, ಹಸಿವೂ ಆಗುವುದಿಲ್ಲವಂತೆ.

ಮೊದಲ ವರ್ಷ ಹನುಮಂತಮ್ಮ ಟೀ ಕೇಳಿದ್ದಳು. ಟೀ ಕೊಟ್ಟರೆ ಲೋಟ ಕೊಡಬೇಕಲ್ಲ, ಇವರು ಕುಡಿದ ಲೋಟ ಎಲ್ಲಿಡೋದು ಎಂದು ಅವನು ನಮಗೆ ಕೇಳಿಸುವಂತೆಯೇ ಮೇಸ್ತ್ರಿಯನ್ನು ಕೇಳಿದ. ಪೇಪರ್ ಲೋಟ ತರಿಸಿ ಎಂದು ಅವಳು ಅಂದದ್ದಕ್ಕೆ, ಕುಡಿಯುವಷ್ಟು ಹೊತ್ತು ಮಿಷನ್ ನಿಲ್ಲಿಸಲೇನು ಎಂದ. ಪ್ಯಾಕೆಟ್ಟಿಗೆ ಲೋಟವೂ ಬೇಡ, ಮಿಷನ್ ನಿಲ್ಲಿಸುವುದೂ ಬೇಡ. ಒಂಬತ್ತು ವರ್ಷ ಅದನ್ನೇ ಅಗಿದೆವು.

ಒಂದು ಮಧ್ಯಾಹ್ನ ಹನುಮಂತಮ್ಮ ಮುದ್ದೆಯನ್ನು ಗೋಲಿಯಷ್ಟು ಚಿವುಟಿ, ಹಲ್ಲಿನ ಸಂದಿಯಲ್ಲಿ ಬೆರಳಿನಿಂದ ತಳ್ಳುತ್ತಿದ್ದಳು. ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು. ಮದುವಣಗಿತ್ತಿ ಹಾಗೆ ನಾಜೂಕಾಗಿ ತಿಂತೀಯಲ್ಲೇ ಎಂದು ನಾನೇ ಆಡಿಕೊಂಡೆ. ನನ್ನ ನಾಲಿಗೆಗೆ ಬೆಂಕಿ ಹಾಕ. ಮುಂದಿನ ವಾರ ಅವಳು ಬರೀ ಅಂಬಲಿ ಹೀರುವುದನ್ನು ಕಂಡು ತುಮಕೂರಿನ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಮಾನಸಾ ಎಂಬ ಹುಡುಗಿ. "ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಾಕಿಯಮ್ಮ. ಹೋಗ್ಬೇಕು" ಎಂದರು. ಹನುಮಂತಮ್ಮನಿಗೆ ಒಂದೇ ಬೆರಳು ಹೋಯಿತು, ಅದೂ ಉಗುರಿನವರೆಗೆ. ಅಡಿಕೆ ಕೆನ್ನೆಯ ಒಳಗಿನ ಮಾಂಸವನ್ನು ಚಕ್ಕಳ ಮಾಡಿಬಿಟ್ಟಿದೆ, ಬಿಗಿದ ಪಟ್ಟಿಗಳನ್ನು ಕತ್ತರಿಸಿ ಬೇರೆ ಮಾಂಸ ಕೂರಿಸಬೇಕು ಎಂದರು. ಆಮೇಲೂ ಗಂಟೆಗೊಮ್ಮೆ ಐಸ್‌ಕ್ರೀಂ ಕಡ್ಡಿಗಳನ್ನು ಒಟ್ಟಿಗೆ ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ಕಡ್ಡಿ ಹೆಚ್ಚಿಸುತ್ತ ಹೋಗಬೇಕು, ಬಿಟ್ಟರೆ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇಷ್ಟು ಹೇಳಿ, ನೀವೂ ಹಾಕಿ ನೋಡಿ ಎಂದು ನನ್ನ ಕಡೆ ತಿರುಗಿದರು. ನನಗೆ ಎರಡೇ ಹೋದವು. ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಹೆದರಿಕೆಯಾಗಿತ್ತು.

ಸರ್ಕಾರಿ ಕಾರ್ಡಿನಲ್ಲಿ ಆಪರೇಶನ್ ಆಯಿತು. ಎರಡು ತಿಂಗಳಿಗೆ ಹನುಮಂತಮ್ಮ ವಾಪಸು ಬಂದಳು. ಧೂಳಿಗೆ ಹೋಗಬೇಡಿ ಎಂದಿದ್ದರು ಡಾಕ್ಟರು. ಧೂಳಿಲ್ಲದ ಕೆಲಸ ನಮಗೆ ಯಾರು ಇಟ್ಟಿದ್ದಾರೆ? ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು, ಸೊಂಟದ ಚೀಲದಲ್ಲಿ ಹದಿನೇಳು ಕಡ್ಡಿ ಇಟ್ಟುಕೊಂಡು ಬಂದಳು.

ಹನ್ನೊಂದಕ್ಕೆ ಚನ್ನವೀರಯ್ಯ ಪ್ಯಾಕೆಟ್ ಹಿಡಿದು ಬಂದಾಗ ಅವಳು ಸಾಲಿನಲ್ಲಿ ನಿಂತು ಬಟ್ಟೆ ಸರಿಸಿ ಕಡ್ಡಿಗಳನ್ನು ಕಚ್ಚಿಕೊಂಡಿದ್ದಳು.

"ಏನೇ ಇದು ಕೋತಿ ವೇಷ? ತಿಂದು ತಿಂದು ಬಾಯಿ ಕೆಡಿಸ್ಕೊಂಡಿದ್ದು ನೀನು. ನಿನ್ ಚಟಕ್ಕೆ ನಾನ್ ಹೊಣೆನಾ? ಕಡ್ಡಿ ಬಿಸಾಕು, ಇಲ್ಲಾ ಮನೆಗ್ ನಡಿ."

ಅಂದವನೇ ಅಭ್ಯಾಸ ಬಲದಿಂದ ಪ್ಯಾಕೆಟ್ ಬಿಟ್ಟ. ಹನುಮಂತಮ್ಮ ಸೆರಗೊಡ್ಡಲಿಲ್ಲ. ಅದು ನೆಲಕ್ಕೆ ಬಿತ್ತು. ಅವಳು ಕಡ್ಡಿಗಳನ್ನು ತೆಗೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಮೂರು ಬೆರಳು ಜೋಡಿಸಿ ಬಾಯೊಳಗೆ ತುರುಕಿದಳು. ನೋವಿಗೆ ಕಣ್ಣೀರು ಇಳಿಯಿತು. ಮೂರೂ ಹೋದವು.

ಬೆರಳು ತೆಗೆದು ಮಾತಾಡಿದಳು. ಎರಡು ವರ್ಷದಿಂದ ಅವಳ ದನಿಯನ್ನು ಅಷ್ಟು ಬಿಡಿಸಿ ಕೇಳಿರಲಿಲ್ಲ ನಾವು.

"ಪ್ಯಾಕೆಟ್ ಬ್ಯಾಡ. ಟೀ ಕೊಡು. ಪೇಪರ್ ಲೋಟದಾಗಲ್ಲ. ನಿಮ್ಮನೆ ಸ್ಟೀಲ್ ಲೋಟದಾಗೆ."

ಚನ್ನವೀರಯ್ಯನ ಮುಖದಲ್ಲಿ ವಿಭೂತಿಯೊಂದೇ ಬಿಳಿ ಉಳಿಯಿತು, ಮಿಕ್ಕಿದ್ದೆಲ್ಲ ಕೆಂಪು. ಅವಳು ಅವನತ್ತ ಬೆನ್ನು ಹಾಕಿ ನಮ್ಮ ಕಡೆ ತಿರುಗಿದಳು.

"ಹಾಕ್ರೇ ಬೆರಳು. ಎಲ್ರೂ ನೋಡ್ಕಳ್ರಿ."

ನಾನು ಹೋಗಿ ಮಿಷನ್ನಿನ ಸ್ವಿಚ್ ಆರಿಸಿದೆ. ಎಲ್ಲರೆದುರು ಬೆರಳು ಹಾಕಿ, ನನಗೆ ಎರಡೇ ಎಂದು ಹೇಳಿದೆ. ಆಮೇಲೆ ಒಬ್ಬೊಬ್ಬರಾಗಿ ಹಾಕಿದರು. ಕೆಲವರಿಗೆ ಮೂರು, ಬಹಳ ಜನಕ್ಕೆ ಎರಡು. ಹೋದ ವರ್ಷ ಮದುವೆಯಾಗಿ ಬಂದ ಇಂಪನಾಳಿಗೆ ಒಂದೂವರೆ. ಅವಳು ಬೆರಳು ತೆಗೆಯದೆ ಹಾಗೇ ಮಾಲೀಕನನ್ನು ನೋಡುತ್ತ ನಿಂತಳು.

"ಏಯ್ ರಂಗ, ಮಿಷನ್ ಹಾಕೋ" ಎಂದು ಚನ್ನವೀರಯ್ಯ ಕೂಗಿದ.

ರಂಗಣ್ಣ ಸ್ವಿಚ್ಚಿನ ಹತ್ತಿರ ಹೋದ. ತಾನೂ ದವಡೆಗೆ ಒತ್ತರಿಸಿಕೊಂಡಿದ್ದ ಪ್ಯಾಕೆಟ್ಟಿನ ಉಂಡೆಯನ್ನು ಗೋಡೆಯ ಬುಡಕ್ಕೆ ಉಗಿದ. ನಮಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಮೊಣಕೈ ಬಾಯಿಯ ಮಟ್ಟಕ್ಕೆ ಎದ್ದಿತು, ಅಲ್ಲಿಯೇ ನಿಂತಿತು. ಅವನು ಬೆರಳುಗಳನ್ನು ಬಾಯತ್ತ ಇನ್ನೊಮ್ಮೆ ಒತ್ತಿ ನೋಡಿದ. ಮಾಲೀಕ ಎರಡನೇ ಸಲ ಕೂಗಿದ, ಮೂರನೇ ಸಲ ಕೂಗಿದ. ರಂಗಣ್ಣ ಆ ಕೈಯನ್ನು ಸ್ವಿಚ್ಚಿಗೆ ಇಡಲಿಲ್ಲ.