ಎಡಗೈ ಸಿನಿಮಾ

ಬೊರಿವಲಿಯ ಗಾರ್ಡನ್ನಿನಲ್ಲಿ ಸಿನಿಮಾ ತೋರಿಸಲು ಶುರುಮಾಡಿದ್ದು ನಾನು ಮದುವೆಯಾಗಿ ಬಂದ ವರ್ಷ, ಐವತ್ತಾರರಲ್ಲಿ. ಚಳಿಗಾಲದಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಎರಡು ಬಿದಿರಿನ ಗಳಕ್ಕೆ ಬಿಳಿ ಪರದೆ ಕಟ್ಟುತ್ತಿದ್ದರು. ಟಿಕೆಟ್ಟಿಲ್ಲ, ಕುರ್ಚಿಯಿಲ್ಲ, ಜಮಖಾನ ಹಾಸಿಕೊಂಡು ಕೂತರೆ ಮುಗಿಯಿತು. ಒಂದೇ ಒಂದು ಕಾಯಿದೆ: ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ಈ ಕಾಯಿದೆ ಮಾಡಿದವನು ಸ್ಟೇಷನ್ನಿನ ಎದುರು ಚಹಾದ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಪೂವಪ್ಪ. ಸಿನಿಮಾ ತರಿಸುತ್ತಿದ್ದ ಮಂಡಳದ ಕಾರ್ಯದರ್ಶಿ ಅವನೇ. ಬ್ಯಾಟರಿ ಹಿಡಿದುಕೊಂಡು ಗಳದ ಪಕ್ಕ ಕಾವಲು ನಿಲ್ಲುತ್ತಿದ್ದ. ಅವನ ಹೆಂಡತಿ ಊರಲ್ಲಿದ್ದಳು, ಅವನಿಗೇನು ನಷ್ಟ?

ಹಿಂದೆ ಕೂತವರಿಗೆ ಎಲ್ಲವೂ ತಿರುಗುಮುರುಗು. ಮೊದಲ ಸಲ ನೋಡಿದಾಗ ಸಿನಿಮಾದ ಹೆಂಗಸರೆಲ್ಲ ಬಲಭುಜದ ಮೇಲೆ ಸೆರಗು ಹೊದ್ದದ್ದು ಕಂಡು, ಇವರೆಲ್ಲ ಗುಜರಾತಿಗಳೇ ಇರಬೇಕು ಎಂದುಕೊಂಡಿದ್ದೆ. ಪಕ್ಕದ ಖೋಲಿಯ ಗಂಗುಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ತಿಳಿಸಿ ಹೇಳಿದಳು. ಎರಡನೆಯ ಚಳಿಗಾಲದ ಹೊತ್ತಿಗೆ ನನಗೂ ಅದು ರೂಢಿಯಾಗಿಹೋಗಿತ್ತು.

ನನ್ನ ಸಂಕಟ ಬೇರೆಯೇ ಇತ್ತು. ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅದರಲ್ಲಿ ಅತ್ತೆ, ಮಾವ, ನಾವಿಬ್ಬರು. ನಮ್ಮವರು ಕಾಲಬಾದೇವಿಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಮತ್ತೆ ಮುಖ ಕಾಣುವುದು ರಾತ್ರಿ ಊಟದ ಹೊತ್ತಿಗೇ. ನಾಲ್ಕು ಜನರೆದುರು ಗಂಡ ಹೆಂಡತಿ ಒಂದೇ ಜಮಖಾನದ ಮೇಲೆ ಜೋಡಿಯಾಗಿ ಕೂತದ್ದು ಮದುವೆಯಲ್ಲಿ ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನ ಮಾತ್ರ. ಆ ಎರಡನೆಯ ಚಳಿಗಾಲದಲ್ಲಿ ನಾನು ಏಳು ತಿಂಗಳ ಬಸುರಿಯಾಗಿದ್ದೆ, ಹಾಗಿದ್ದೂ ಈ ಮಾತು ನಿಜ. ನಗುವವರು ನಕ್ಕುಕೊಳ್ಳಲಿ.

ಮಂಗಳವಾರ ಅಣ್ಣ ಬಂದು ನನ್ನನ್ನು ಚೊಚ್ಚಲ ಹೆರಿಗೆಗೆ ಬೆಳಗಾವಿಗೆ ಕರೆದೊಯ್ಯುವವನಿದ್ದ. ಕೂಸಿಗೆ ಐದು ತಿಂಗಳು ತುಂಬುವವರೆಗೆ ಕಳಿಸುವುದಿಲ್ಲ ಎಂದು ಅವ್ವ ಕಾಗದ ಬರೆಸಿದ್ದಳು. ಎಂಟು ತಿಂಗಳು ಗಂಡನ ಮುಖ ಕಾಣದೆ ಇರಬೇಕು. ಉಳಿದದ್ದು ಈ ಒಂದು ಭಾನುವಾರ, ಈ ಒಂದು ಸಿನಿಮಾ. ಬೆಳಿಗ್ಗೆ ಬಾಗಿಲಲ್ಲಿ ನೀರಿನ ಕೊಡ ಇಳಿಸುವ ನೆಪದಲ್ಲಿ ಮೆಲ್ಲಗೆ ಕೇಳಿಯೇಬಿಟ್ಟೆ.

"ರೀ, ಇವತ್ತೊಂದ ದಿವಸ ನಿಮ್ಮ ಬಾಜೂಕ ಕುಂದರತೇನ್ರಿ."

"ಹುಚ್ಚಿ ಅದಿ ಏನ? ಪೂವಪ್ಪ ಎಲ್ಲಾರ ಮುಂದ ಎಬ್ಬಿಸಿ ಕಳಸ್ತಾನ. ಅಪ್ಪ ಬ್ಯಾರೆ ಅಲ್ಲೇ ಇರತಾನ. ಮಂದಿ ಏನಂದಾರು!"

ಮಂದಿಯ ಭಯ ನಮ್ಮವರಿಗೆ ಹುಟ್ಟಿನಿಂದ ಬಂದದ್ದು. ಒಳಗೆ ಅತ್ತೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು, ನಾನು ಕೊಡ ಎತ್ತಿಕೊಂಡು ಒಲೆಯ ಕಡೆ ನಡೆದೆ.

ಸಂಜೆ ಹೊರಡುವಾಗ ನೋಡುತ್ತೇನೆ, ಅತ್ತೆ ಶರಣವ್ವ ಇಳಕಲ್ ಸೀರೆಯುಟ್ಟು ತಯಾರಾಗಿ ನಿಂತಿದ್ದಾರೆ. "ಅರಿವಿ ಮ್ಯಾಲೆ ನೆರಳು ಕುಣಿಯೂದನ್ನ ಏನ ನೋಡೂದು" ಎನ್ನುತ್ತ ಒಂದು ದಿನವೂ ಬಾರದವರು ಅಂದು "ನಾನೂ ಬರತೇನಿ, ನಡೀರಿ" ಎಂದರು. ಬರಗಾಲದಲ್ಲಿ ಅಧಿಕಮಾಸ ಎಂದರೆ ಇದೇ. ಗಂಡನ ಪಕ್ಕ ಕೂರುವುದಂತೂ ಇಲ್ಲ, ಗಂಗುಬಾಯಿಯೊಡನೆ ಹರಟೆಗೂ ಕಲ್ಲು ಬಿತ್ತು ಎಂದು ಒಳಗೊಳಗೇ ಸಿಡುಕಿದೆ.

ಗಾರ್ಡನ್ನಿನಲ್ಲಿ ತಣ್ಣನೆ ಗಾಳಿಯಿತ್ತು. ಮಾವ ಮುರಿಗೆಪ್ಪ ಶಾಲು ಹೊದ್ದುಕೊಂಡು ಮಗನೊಂದಿಗೆ ಮುಂದಿನ ಬದಿಗೆ ಹೋದರು. ಅತ್ತೆ, ನಾನು, ಗಂಗುಬಾಯಿ ಹಿಂದೆ ಕೂತೆವು. ಸಿನಿಮಾದಲ್ಲಿ ಒಬ್ಬ ದೊಡ್ಡ ಮನುಷ್ಯ, ಅವನಿಗೊಬ್ಬಳು ಮಗಳು. ಮನುಷ್ಯ ಊಟಕ್ಕೆ ಕೂತ. ಅತ್ತೆ ಅಲ್ಲಿಂದಲೇ ಶುರುಮಾಡಿದರು.

"ಅಯ್ಯ ಶಿವನ! ಎಡಗೈಲೆ ಉಣ್ಣಾಕತ್ತಾನಲ್ಲ!"

ಪೂಜಾರಿ ಎಡಗೈಯಲ್ಲಿ ಆರತಿ ಎತ್ತಿದ. ಅಪ್ಪ ಎಡಗೈಯಿಟ್ಟು ಮಗಳನ್ನು ಹರಸಿದ. ಪ್ರತಿಯೊಂದಕ್ಕೂ ಅತ್ತೆಯ ದನಿ ಒಂದೊಂದು ಮೆಟ್ಟಿಲು ಏರಿತು. ಸುತ್ತಲಿನ ಹೆಂಗಸರು ಪರದೆ ಬಿಟ್ಟು ಅತ್ತೆಯನ್ನೇ ನೋಡತೊಡಗಿದರು. ಕೊನೆಗೆ ಮದುಮಗಳು ಎಡಗಾಲಿಟ್ಟು ಗಂಡನ ಮನೆ ಹೊಕ್ಕಳು. ಅತ್ತೆ ಎದ್ದೇ ನಿಂತರು.

"ಏಳ ಕಾಶವ್ವಾ! ಬಸರಿ ಹೆಣಮಗಳು ನೋಡೂದಲ್ಲ ಇದು. ಹುಟ್ಟೂ ಕೂಸು ಎಡಚ ಆದೀತು. ನಡಿ ಆ ಕಡೆ!"

ಗಂಗುಬಾಯಿ ತಿಳಿಸಿ ಹೇಳಲು ಬಾಯಿ ತೆರೆದಳು. ನಾನು ಅವಳ ಕೈಯನ್ನು ಹಿಡಿದು ಗಟ್ಟಿಯಾಗಿ ಅದುಮಿದೆ. ನಿಜ ಏನೆಂದು ನನಗೆ ಗೊತ್ತಿರಲಿಲ್ಲವೇ? ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಅದಕ್ಕಾಗಿ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಗಳದ ಹತ್ತಿರ ಪೂವಪ್ಪ ಮುಖಕ್ಕೆ ಬ್ಯಾಟರಿ ಬಿಟ್ಟ. "ಇದೆಂತದು ಅಮ್ಮ! ಹೆಂಗಸರು ಆ ಬದಿಯಲ್ಲಿ ಕೂತ್ಕೊಳ್ಳಿ ಮಾರಾಯ್ರೆ."

"ನನ್ನ ಮೊಮ್ಮಗ ಎಡಚ ಹುಟ್ಟಿದರ ನೀ ಬಂದು ಬಲಗೈಲೆ ಉಣ್ಣೂದು ಕಲಸ್ತೀ ಏನ? ಸರಿ ಅತ್ಲಾಗ!"

ಗಂಡಸರ ಕಡೆಯಿಂದ ದೊಡ್ಡ ನಗೆ ಎದ್ದಿತು. ಪೂವಪ್ಪ ಬ್ಯಾಟರಿ ಆರಿಸಿ ಗಳದ ಹಿಂದೆ ಸರಿದ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡು, ಕೂತವರ ಕಾಲು ದಾಟುತ್ತ ಸೀದಾ ನಮ್ಮವರ ಜಮಖಾನಕ್ಕೆ ಬಂದು, "ನೀಲಕಂಠಾ, ಸರಿ" ಎಂದರು. ನನ್ನನ್ನು ಮಗನ ಪಕ್ಕ ಕೂರಿಸಿ, ತಾವು ನಮ್ಮ ಮುಂದೆ ಮಾವನ ಮಗ್ಗುಲಿಗೆ ಕೂತರು. ಅವರಿಬ್ಬರು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮವರು ಓದಿದವರು, ಸುಮ್ಮನಿರುತ್ತಾರೆಯೇ? "ಯವ್ವಾ, ಅದು ಹಿಂದಿಂದ ನೋಡಿದ್ದಕ್ಕ..." ಎಂದು ಆರಂಭಿಸಿದರು. ಶಾಲೆಯ ಮಾಸ್ತರರೂ ಹಾಗೆ ಚಿವುಟಿರಲಿಕ್ಕಿಲ್ಲ, ಹಾಗೆ ಅವರ ತೊಡೆ ಚಿವುಟಿದೆ. ಅವರು ಗಪ್ಪನೆ ಬಾಯಿ ಮುಚ್ಚಿದರು. ಮೊದಲು ಒಂದು ಗೇಣು ದೂರ ಸರಿದು ಅತ್ತಿತ್ತ ನೋಡಿದರು. ಯಾರೂ ಏನೂ ಅನ್ನಲಿಲ್ಲ, ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಆ ಒಂದು ಗೇಣನ್ನು ತಾವೇ ಬಿಟ್ಟುಕೊಟ್ಟು ಹತ್ತಿರ ಬಂದು, ಜೇಬಿನಿಂದ ಹುರಿದ ಶೇಂಗಾ ತೆಗೆದು, ಸಿಪ್ಪೆ ಬಿಡಿಸಿ ಬಿಡಿಸಿ ನನ್ನ ಅಂಗೈಗೆ ಹಾಕಿದರು. ನನ್ನ ಹೊಟ್ಟೆಯೊಳಗಿನ ಕೂಸು ಒದೆಯಿತು. ಅವರ ಕೈ ಹಿಡಿದು ಸೆರಗಿನ ಮರೆಯಲ್ಲಿ ಅಲ್ಲಿಟ್ಟುಕೊಂಡೆ. ಸಿನಿಮಾದ ಕಥೆ ಮುಂದೇನಾಯಿತೋ ದೇವರೇ ಬಲ್ಲ.

ಹಿಂದಿನಿಂದ ಗಂಗುಬಾಯಿ ಎದ್ದು ತನ್ನ ಗಂಡನನ್ನು ಹುಡುಕಿಕೊಂಡು ಬಂದಳು. ಅವಳ ಹಿಂದೆ ಇನ್ನಿಬ್ಬರು, ಮತ್ತೆ ನಾಲ್ವರು. ಪೂವಪ್ಪ ಯಾರಿಗೆಂದು ಬ್ಯಾಟರಿ ಬಿಟ್ಟಾನು?

ಮಾವ ಬಹಳ ಹೊತ್ತು ತಡೆದುಕೊಂಡಿದ್ದರು. ಕಡೆಗೆ ಅತ್ತೆಯ ಕಡೆ ಬಾಗಿ ಹೇಳಿದರು, "ಹುಚ್ಚಿ, ಪರದೆ ಹಿಂದ ಕುಂತರ ಎಲ್ಲಾ ಉಲ್ಟಾ ಕಾಣತೈತಿ. ಆ ಮನಷ್ಯಾ ಬಲಗೈಲೇ ಉಂಡಾನ."

ಅತ್ತೆ ದನಿ ತಗ್ಗಿಸಿದರು. ಆದರೆ ಅವರ ಬೆನ್ನಿಗೇ ಕೂತಿದ್ದ ನನಗೆ ಒಂದೊಂದು ಮಾತೂ ಕೇಳಿಸಿತು.

"ನನಗೇನ ಅಷ್ಟು ತಿಳಿಯಂಗಿಲ್ಲೇನ್ರಿ? ಒಂದ ಖೋಲ್ಯಾಗ ಇರೋ ಮಂದಿ, ಮುಂಜಾನೆ ಆಕಿ ಕೇಳಿದ್ದು ನನ್ನ ಕಿವಿಗೆ ಬೀಳದಽ ಇರತೈತೇನು? ಮಂಗಳವಾರ ಹೋದರ ಎಂಟು ತಿಂಗಳ ಗಂಡನ ಮಾರಿ ಕಾಣಂಗಿಲ್ಲ. ಕುಂದರಲಿ ಬಿಡ್ರಿ, ಪಾಪ."

ಮಾವ ತಮ್ಮ ಶಾಲಿನ ಒಂದು ತುದಿಯನ್ನು ಅತ್ತೆಯ ಹೆಗಲಿಗೆ ಹೊದಿಸಿದರು. ಅತ್ತೆ ಅದನ್ನು ಸರಿಸಲಿಲ್ಲ.

ನನಗೆ ಅಳು ಬಂದುಬಿಟ್ಟಿತು. ಸಂಜೆಯಿಂದ ಆಕೆಯ ಮೇಲೆ ಎಷ್ಟು ಸಿಡುಕಿದ್ದೆನೋ ಅಷ್ಟೂ ಕಣ್ಣೀರಾಗಿ ಇಳಿಯಿತು. ಮುಂದೆ ಬಾಗಿ ಆಕೆಯ ಕಾಲು ಮುಟ್ಟಬೇಕು ಎನ್ನಿಸಿತು. ಆದರೆ ಹಾಗೆ ಮಾಡಿದರೆ ಆಕೆ ಇಷ್ಟು ಕಷ್ಟಪಟ್ಟು ಕಟ್ಟಿದ ಸುಳ್ಳು ಎಲ್ಲರೆದುರು ಬಯಲಾಗುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಯಾಕ ಅಳಾಕತ್ತೀ? ಈಗ ನಗೂ ಸೀನು ನಡದೈತಲ್ಲ" ಎಂದರು ನಮ್ಮವರು.

"ಏನಿಲ್ರಿ" ಎಂದೆ. "ನೀವು ಸಿನಿಮಾ ನೋಡ್ರಿ."