ಬಾಟಲಿಗೆ ಬೀಳಬೇಕಿದ್ದ ಮರಿ

ಗೆಣಸು ಅಗೆಯುವ ಕಾಲ ಬಂತೆಂದರೆ ತೊಯೊ ಅಜ್ಜಿಗೆ ಎರಡು ಚಿಂತೆ. ಒಂದು, ಗೆಣಸಿಗೆ ಬಾಯಿ ಹಾಕುವ ಇಲಿ. ಇನ್ನೊಂದು, ಚಳಿ ಶುರುವಾಗುತ್ತಿದ್ದಂತೆ ಗಂಡ ಕನ್ಸುಕೆಯನ್ನು ಹಿಡಿದುಕೊಳ್ಳುವ ಮಂಡಿನೋವು. ಇಲಿಗೆ ಅವಳ ಬಳಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಮಂಡಿಗೆ ಮಾತ್ರ ಮದ್ದಿದೆಯೆಂದು ಅವಳ ನಂಬಿಕೆ. ವಿಷದ ಮಮುಶಿ ಹಾವನ್ನು ಜೀವಂತ ಹಿಡಿದು, ಬಾಟಲಿಗಿಳಿಸಿ, ಮೇಲೆ ಶೋಚು ಸಾರಾಯಿ ತುಂಬಿಟ್ಟು, ಅದನ್ನು ದಿನಾ ಕುಡಿಸಿದರೆ ಆಯಿತು! ಅವಳಿದ್ದ ಬೆಟ್ಟದ ಹಳ್ಳಿಯಲ್ಲಿ ಅಂಥ ಬಾಟಲಿಯಿಲ್ಲದ ಮನೆ ಕಡಿಮೆ.

ಅಂದು ಬೆಳಗ್ಗೆ ಹಿತ್ತಿಲಿನಾಚೆ, ಕಾಡಿನಂಚಿನಲ್ಲಿ, ಅಣಬೆ ಬೆಳೆಯುವ ದಿಮ್ಮಿಯೊಂದನ್ನು ಅಜ್ಜಿ ಸರಿಸಿದಳು. ಅಡಿಯಲ್ಲಿ ಒಂದೂವರೆ ಗೇಣಿನ ಹಾವಿನ ಮರಿ. ಕೆಂಗಂದು ಮೈ, ಮೇಲೆ ಕಪ್ಪು ಪಟ್ಟೆ. ಅಜ್ಜಿ ಓಡಿಹೋಗಿ ಬಾಟಲಿ, ಕವಲಿನ ಬಿದಿರುಕೋಲು ತಂದು ಬಗ್ಗಿದಳು.

ಕನ್ಸುಕೆಯ ಮಂಡಿ ನೋಡಲು ಬಂದಿದ್ದ ಆರೋಗ್ಯ ಸಹಾಯಕಿ ಫುಮಿ ಜಗಲಿಯಿಂದಲೇ ಕೂಗಿದಳು.

"ಅಜ್ಜೀ, ಕೈ ಹಾಕ್ಬೇಡಿ! ಮೊದ್ಲು ಹಿಂದೆ ಬನ್ನಿ!"

"ಸುಮ್ನಿರೇ ಹುಡುಗಿ, ತಪ್ಪಿಸ್ಕೊಳ್ಳತ್ತೆ. ನಮ್ಮನೆಯವರ ಮಂಡಿಗೆ ಬೇಕು."

"ಅದು ಮಮುಶಿನೇ ಆಗಿ ಕಚ್ಚಿದ್ರೆ, ಆಸ್ಪತ್ರೆಗೆ ಬೆಟ್ಟ ಇಳೀಬೇಕು. ಮಮುಶಿ ಅಲ್ದಿದ್ರೆ ಪಾಪ, ಒಂದು ಸಾಧು ಜೀವ ಸಾಯತ್ತೆ. ಎರಡರಲ್ಲೂ ಏನು ಬಂತು ಹೇಳಿ?"

ಫುಮಿ ಹತ್ತಿರ ಬಂದು, ಅಜ್ಜಿಯ ತೋಳು ಹಿಡಿದು ನಾಲ್ಕು ಹೆಜ್ಜೆ ಹಿಂದಕ್ಕೆ ಕರೆತಂದಳು. ಅಲ್ಲಿಂದಲೇ ದಿಟ್ಟಿಸಿ ನೋಡಿದಳು.

"ಇದು ಜಿಮುಗುರಿ ಅನ್ನೋ ಹಾವು. ಈಗಷ್ಟೇ ಮೊಟ್ಟೆ ಒಡೆದು ಬಂದಿರೋದು. ಮರೀಲಿ ಈ ಪಟ್ಟೆ ಇರತ್ತೆ, ಬೆಳೀತಾ ಮಾಸಿಹೋಗತ್ತೆ. ಇದಕ್ಕೆ ವಿಷ ಇಲ್ಲ."

"ವಿಷ ಇಲ್ದಿರೋ ಹಾವಂತೆ! ಇಷ್ಟು ವರ್ಷ ಇದೇ ಕಾಡಲ್ಲಿ ಓಡಾಡಿದೀನಿ, ನನ್ನ ಕಣ್ಣಿಗೆ ಬೀಳದ್ದು ನಿನಗೆ ಗೊತ್ತಾ?"

"ಹೇಗೆ ಬೀಳತ್ತೆ? ಅದಕ್ಕೆ ಬಿಸಿಲು ಅಂದ್ರೆ ಆಗಲ್ಲ. ಬೇಸಿಗೆಯೆಲ್ಲಾ ಮಣ್ಣೊಳಗೆ. ಆಮೇಲೂ ತರಗೆಲೆ ಅಡೀಲೇ ಅದರ ಸಂಸಾರ. ಇಲಿ ಬಿಲಕ್ಕೇ ನುಗ್ಗಿ ಮರಿಗಳನ್ನ ತಿನ್ನತ್ತೆ. ಇದು ನಿಮ್ಮ ಗೆಣಸು ಕದಿಯೋರ ಮನೆಗೇ ಹೋಗೋ ಪೊಲೀಸು, ಅಜ್ಜೀ!"

ಅಜ್ಜಿಯ ಕೋಲು ಸ್ವಲ್ಪ ತಗ್ಗಿತು. ಆದರೆ ಕಣ್ಣು ಜಗಲಿಯತ್ತ ಹೋಯಿತು.

"ಮತ್ತೆ ಇವರ ಮಂಡಿ?"

ಜಗಲಿಯಲ್ಲಿ ಕೂತಿದ್ದ ಕನ್ಸುಕೆ ಮುಂದಕ್ಕೆ ಬಾಗಿದ. "ಏ ಇವಳೇ, ಒಂದು ಮಾತು ಹೇಳ್ತೀನಿ, ಬೈಬೇಡ. ನಿನ್ನ ಹಾವಿನ ಸಾರಾಯಿಂದ ನನ್ನ ಮಂಡಿ ಒಂದಿನಾನೂ ವಾಸಿಯಾಗಿಲ್ಲ."

"ಮತ್ತೆ ದಿನಾ ಚಪ್ಪರಿಸ್ಕೊಂಡು ಕುಡೀತಿದ್ರಲ್ರೀ!"

"ನೀನು ಅಷ್ಟು ಆಸೆಯಿಂದ ತಂದ್ಕೊಡ್ತಿದ್ದೆ, ಬೇಡ ಅನ್ನೋಕೆ ಮನಸ್ಸು ಬರ್ತಿರಲಿಲ್ಲ. ಆದ್ರೆ ಇವತ್ತು ನೀನು ಬಗ್ಗಿದ್ದು ನೋಡಿ ಜೀವ ಬಾಯಿಗೆ ಬಂತು. ಮಂಡಿ ನೋಯ್ತಿರಲಿ ಬಿಡು. ಅದನ್ನ ಒತ್ತೋ ಕೈ ಇರಬೇಕು ಕಣೇ ನಂಗೆ."

ಅಜ್ಜಿಗೆ ಕಣ್ಣು ತುಂಬಿ ಬಂತು. ಸೆರಗಿಲ್ಲದ ಉಡುಪಲ್ಲವೇ, ತೋಳಿಗೇ ಒರೆಸಿಕೊಂಡಳು. ಕೋಲನ್ನು ಅಲ್ಲೇ ಬಿಟ್ಟಳು.

ಗದ್ದಲ ನಿಂತದ್ದು ಗೊತ್ತಾಯಿತೋ ಏನೋ, ಮರಿ ಮೆಲ್ಲಗೆ ಸುರುಳಿ ಬಿಚ್ಚಿ, ಪಕ್ಕದ ಇಲಿ ಬಿಲಕ್ಕೆ ತಲೆ ತೂರಿಸಿತು. ಬಾಲವೂ ಒಳಗಾಯಿತು.

"ಹೋಗಪ್ಪ ಹೋಗು," ಎಂದಳು ಅಜ್ಜಿ. "ಒಳಗಿರೋರನ್ನ ಸ್ವಲ್ಪ ಚೆನ್ನಾಗೇ ವಿಚಾರಿಸ್ಕೋ."

ಆಮೇಲೆ ಫುಮಿ ಮಂಡಿಗೆ ಬಿಸಿಬಟ್ಟೆಯ ಕಾವು ಕೊಡುವುದನ್ನೂ, ಕೂತಲ್ಲೇ ಕಾಲು ಚಾಚುವ ವ್ಯಾಯಾಮವನ್ನೂ ಇಬ್ಬರಿಗೂ ಹೇಳಿಕೊಟ್ಟಳು. ಅಜ್ಜಿ ಕಾವು ಕೊಟ್ಟಳು, ತಾತ ಸಾಕು ಸಾಕೆನ್ನುತ್ತಲೇ ಕಾಲು ಚಾಚಿದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಮ್ಮ ನಿಮ್ಮ ಕಾಡುಗಳ ಹಾವು ಬೇರೆ ಬೇರೆ ಇರಬಹುದು, ಮನೆಯಲ್ಲಿ ಕಾಯುವವರು ಎಲ್ಲ ಕಡೆಯೂ ಒಂದೇ. ಹಾವು ಕಂಡರೆ ಹಿಡಿಯಬೇಡಿ, ಹೊಡೆಯಬೇಡಿ. ವಿಷವಿದೆಯೋ ಇಲ್ಲವೋ ಎಂದು ಹತ್ತಿರ ಹೋಗಿ ಪರೀಕ್ಷಿಸುವುದೂ ಬೇಡ, ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಕಚ್ಚಿದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ. ಹಾವು ತನ್ನ ಕೆಲಸಕ್ಕೆ ಹೋಗಲಿ. ನೀವು ಮನೆಗೆ ಬನ್ನಿ.