ಹೊಳೆಯ ತಂಪು

ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದವರನ್ನು ಪಕ್ಕಕ್ಕೆ ಸರಿಸಿ, ರೇವಣಸಿದ್ದ ತಾನೇ ಮಾಡಿಸಿ ತಂದಿದ್ದ ಫ್ಲೆಕ್ಸನ್ನು ಬಿಗಿಯತೊಡಗಿದ. ತೀರಿಹೋದವನು ಅವನ ಅಣ್ಣ, ಕಂಪ್ಲಿಯ ಕವಿ ತೋಟಪ್ಪ ಮೇಷ್ಟ್ರು. ಹೆಣವನ್ನು ಗೋಡೆಗೆ ಒರಗಿಸಿ, ವಿಭೂತಿ ಬಳಿದು ಕೂರಿಸಿದ್ದರು. ಫ್ಲೆಕ್ಸಿನಲ್ಲಿ ಹಂಪಿಯ ಕಲ್ಲಿನ ರಥ, ಅದರಡಿ ಗೇಣುದ್ದದ ಅಕ್ಷರ: ‘ಕೋಪವನ್ನೇ ಅರಿಯದ ಪ್ರಶಾಂತ ಕವಿ! - ಸ್ಪೇನಿನ ವಿಮರ್ಶಕರು.’ ಅಕ್ಕಿ ಗಿರಣಿಯ ಮಾಲೀಕನಾದ ಅವನಿಗೆ ಇದ್ದಕ್ಕಿದ್ದಂತೆ ಸ್ಪೇನಿನ ಮೇಲೆ ಎಲ್ಲಿಲ್ಲದ ಭಕ್ತಿ ಉಕ್ಕಿತ್ತು. ಅಣ್ಣ ಬದುಕಿದ್ದಾಗ ಇದೇ ಮಹಾನುಭಾವ ಈ ಹೊಸ್ತಿಲು ತುಳಿದವನಲ್ಲ.

* * *

ರೇವಣಸಿದ್ದನ ಗಿರಣಿಯಲ್ಲಿ ಬಾಯ್ಲರ್ ಸಿಡಿದು ಕೂಲಿಯ ದುರುಗವ್ವ ಸತ್ತಾಗ, ತೋಟಪ್ಪ ಗಿರಣಿಯ ಹೆಸರು ಹಾಕಿಯೇ ಪದ್ಯಗಳನ್ನು ಬರೆದಿದ್ದ. ಇದು ಕಾವ್ಯವಲ್ಲ, ಬೈಗುಳ ಎಂದು ಇಲ್ಲಿಯವರು ಮೂಗು ಮುರಿದರು. ಮುಂದೆ ಅವನ ಕವಿತೆಗಳು ಸ್ಪ್ಯಾನಿಷಿಗೆ ಅನುವಾದವಾದಾಗ ಬಾಯ್ಲರ್ ಪದ್ಯಗಳನ್ನು ಕೈಬಿಟ್ಟು ಹೊಳೆಯ ಪದ್ಯಗಳನ್ನಷ್ಟೇ ಆರಿಸಿದರು. ಅಲ್ಲಿಯ ಪತ್ರಿಕೆಗಳು ಅವನನ್ನು ಹಾಳು ಹಂಪಿಯ ಋಷಿಯೆಂದು ಕೊಂಡಾಡಿದವು. ಆ ಸುದ್ದಿ ಕನ್ನಡ ಪತ್ರಿಕೆಯಲ್ಲಿ ಬಂದು, ಹೆಂಡತಿ ಸಂಗಮ್ಮ ಓದಿ ಹೇಳಿದಾಗ ತೋಟಪ್ಪ ಉಣ್ಣುತ್ತಿದ್ದ ತಟ್ಟೆ ದೂಡಿದ್ದ.

“ಆಸ್ಪತ್ರಿಗೆ ಒಯ್ಯಾಕ ಸಿದ್ದ ಗಾಡಿ ಕೊಡ್ಲಿಲ್ಲಂತ ಬೆಂದಾಕೀನ ಹೊಳ್ಯಾಗ ಕುಂದ್ರಿಸಿದ್ರಲ್ಲ, ಹೊಳಿ ಪದ್ಯದಾಗ ಅದನ್ನ ಬರದೀನಿ ನಾ. ಇವ್ರಿಗೆ ಬರೇ ತಂಪು ಕಂಡೈತಿ.”

* * *

ಈ ಫ್ಲೆಕ್ಸ್ ಹೊತ್ತು ವಿಮಾನ ಊರೊಳಗೆ ಹಾದರೆ ದುರುಗವ್ವನ ಸಾವೂ ಗಂಡನ ಜೊತೆ ಮಣ್ಣಾಗುತ್ತದೆಂದು ಸಂಗಮ್ಮನಿಗೆ ಗೊತ್ತಿತ್ತು. ಎದ್ದು ಬಂದು ಅದನ್ನು ಬಿಚ್ಚೆಂದಳು. ಸ್ವಾಮಿಗಳು ಕಾಯುತ್ತಿದ್ದಾರೆ, ಹೊತ್ತಾಯಿತು ಎಂದು ನೆಂಟರು ಗೊಣಗಿದರು.

“ನಾ ಹೇಳಿದ್ದಲ್ಲ ಅತ್ತಿಗೆಮ್ಮ. ಸ್ಪೇನಿನ್ಯಾಗ ದೊಡ್ಡ ದೊಡ್ಡವ್ರು ಹೇಳ್ಯಾರ” ಎಂದ ರೇವಣಸಿದ್ದ.

“ಅವ್ರಿಗೆ ಗೊತ್ತಿರಲಿಲ್ಲ, ಸಿದ್ದಾ. ನಿನಗ ಗೊತ್ತಿತ್ತಲ್ಲ.”

ಫ್ಲೆಕ್ಸ್ ಬಿಚ್ಚುವತನಕ ಹೆಣ ಏಳುವುದಿಲ್ಲವೆಂದು ಸಂಗಮ್ಮ ಗಂಡನ ಮಗ್ಗುಲಲ್ಲೇ ಕೂತುಬಿಟ್ಟಳು. ಕೊನೆಗೆ ಅಂಗಳದ ತುದಿಯಲ್ಲಿ ನಿಂತಿದ್ದ ತಿಪ್ಪಕ್ಕ, ದುರುಗವ್ವನ ತಾಯಿ, ಮುಂದೆ ಬಂದು ಹಗ್ಗದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ರೇವಣಸಿದ್ದ ಮುಖ ತಿರುಗಿಸಿದ. ಮೇಷ್ಟ್ರು ಬರೀ ಬಾಳೆಕಂಬಗಳ ನಡುವೆ ಕೂತು ಹೊರಟರು.

ಕಂಪ್ಲಿಯಲ್ಲಿ ಎಂಥ ದೊಡ್ಡವರ ಫ್ಲೆಕ್ಸೂ ಕಡೆಗೆ ಭತ್ತದ ಕೆಳಗೇ ಬೀಳುವುದು. ಮರುದಿನ ತಿಪ್ಪಕ್ಕ ಅದನ್ನು ತನ್ನ ಮನೆ ಮುಂದೆ ಹಾಸಿ, ಹಸಿ ಭತ್ತ ಸುರುವಿ, ಒಣಗಲೆಂದು ಕಾಲಾಡಿಸುತ್ತ ನಡೆದಳು. ಹಿಮ್ಮಡಿ ಎಳೆದ ಸಾಲಿನಲ್ಲಿ ಭತ್ತ ಸರಿದು ಎರಡೇ ಅಕ್ಷರ ಬಿಸಿಲಿಗೆ ಬಂದವು: ಕೋಪ.